ಹದಿನಾಲ್ಕನೆಯ ಪ್ರಶ್ನೆ

ಇಂಗ್ಲಿಷ್ ಮೇಷ್ಟ್ರಿಗೆ, ಪ್ರೆಸ್ಸಿನ ಮಹಡಿಯ ಮೇಲೆ ನಿಮ್ಮ ಎದುರು ಮೇಜಿನಲ್ಲಿ ಕೂರುತ್ತಿದ್ದವಳ ನಮಸ್ಕಾರ.

ಇಪ್ಪತ್ತೆರಡು ವರ್ಷದ ಮೇಲೆ ಈ ಹೆಂಗಸಿಗೆ ಏನು ಬಂತು ಎಂದು ಹುಬ್ಬೇರಿಸಬೇಡಿ. ಕನ್ನಡ ಬಲ್ಲವರಿಗೆ ಇಂಗ್ಲಿಷ್ ಕಲಿಸಲೆಂದು ನಾವಿಬ್ಬರೂ ಸೇರಿ ಮಾಡಿದ ಆ ಕೈಪಿಡಿ ಹತ್ತೊಂಬತ್ತನೆಯ ಸಲ ಅಚ್ಚಾಗುತ್ತಿದೆ. ಈ ಸಲ ಪೂರ್ತಿ ತಿದ್ದಿಕೊಡಿ ಎಂದು ಯಜಮಾನರ ಮಗಳು ಕೇಳಿದ್ದಾಳೆ. ಈಗ ಪ್ರೆಸ್ಸು ನೋಡಿಕೊಳ್ಳುವವಳು ಅವಳೇ. ಸೋಮವಾರ ಕೊಡಬೇಕು. ಎಂಟನೆಯ ಪಾಠವೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿದೆ. ಅದನ್ನು ಮುಗಿಸುವ ಮುಂಚೆ ನಿಮಗೊಂದು ಮಾತು ಹೇಳಬೇಕಾಗಿದೆ.

ಎಂಟನೆಯ ಪಾಠ ನೆನಪಿದೆ ತಾನೇ? ಇಂಗ್ಲಿಷಿನಲ್ಲಿ ಕ್ರಿಯಾಪದ ಆದಮೇಲೆ ಅದರ ಬೆನ್ನಿಗೆ ಕ್ರಿಯಾವಿಶೇಷಣ, ಅದರ ಬೆನ್ನಿಗೆ ಇನ್ನೊಂದು ವಾಕ್ಯವನ್ನು ಜೋಡಿಸುವ ಪದ. ನಾಲ್ಕು ದಿನ ಅದರ ಮೇಲೆ ನಿಮ್ಮ ಜೊತೆ ಜಗಳವಾಡಿದ್ದೆ. 'ಓದಿದಳು ಮೆಲ್ಲಗೆ ಯಾಕಂದ್ರೆ, ಅಂತ ಬಾಲ ಬೆಳೆಸ್ಕೊಂಡು ಹೋಗೋದೇನು ಮೇಷ್ಟ್ರೇ? ನೆಟ್ಟಗೆ ಹೇಳೋಕೆ ಬರಲ್ವಾ ಅವರಿಗೆ?' ಎಂದಿದ್ದೆ. ನೀವು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಿರಿ: 'ನಾವು ಹೇಗೆ, ಯಾವಾಗ, ಯಾಕೆ ಎಲ್ಲಾ ಹೇಳಿ ಕೊನೆಗೆ ಮಾಡಿದ್ದನ್ನ ಹೇಳ್ತೀವಿ. ಅವರು ಮೊದಲು ಮಾಡಿಬಿಡ್ತಾರೆ, ಆಮೇಲೆ ಸಮಜಾಯಿಷಿ ಕೊಡ್ತಾರೆ.' ಹಾಗಾದರೆ ನಮ್ಮಣ್ಣನೂ ಇಂಗ್ಲಿಷಿನವನೇ ಎಂದೆ. ನೀವು ನಕ್ಕ ರಭಸಕ್ಕೆ ಚಹಾ ಚೆಲ್ಲಿ ಆರನೆಯ ಪಾಠದ ಪ್ರೂಫು ಪೂರ್ತಿ ಹಾಳಾಯಿತು. ಸಮಜಾಯಿಷಿಯ ಆ ಮಾತು ಪುಸ್ತಕದಲ್ಲಿ ಹಾಗೇ ಇದೆ. ನಾನು ಒಂದಕ್ಷರ ಮುಟ್ಟಿಲ್ಲ.

'ಪ್ರೂಫಮ್ಮನ ತಲೆಗೆ ಹೋದ್ರೆ ಊರಿಗೆಲ್ಲ ಹೋಗುತ್ತೆ' ಎನ್ನುವುದು ಪ್ರೂಫು ತಿದ್ದುವ ನನ್ನ ಬಗ್ಗೆ ಯಜಮಾನರ ಲೆಕ್ಕ. ಅದಕ್ಕೇ ಅಲ್ಲವೇ ನಾವು ಆ ಚೀಟಿಯ ಪದ್ಧತಿ ಮಾಡಿಕೊಂಡದ್ದು? ನೀವು ಶಾಲೆ ಬಿಟ್ಟು ಬರುವಾಗ ನಾಲ್ಕು ಗಂಟೆ, ನಾನು ಮನೆಗೆ ಹೊರಡುವುದು ಐದೂವರೆಗೆ. ನಾನು ಹೋದಮೇಲೆ ನೀವು ಹಳೆಯ ಪ್ರೂಫಿನ ಬೆನ್ನಿಗೆ ಹತ್ತು ವಾಕ್ಯ ಬರೆದು, ಒಂದೊಂದನ್ನೂ ಜೋಡಿಸುವ ಪದಕ್ಕೇ ನಿಲ್ಲಿಸಿ, ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಿರಿ. ಮರುದಿನ ನೀವು ಬರುವಷ್ಟರಲ್ಲಿ ನಾನು ಅವನ್ನು ಪೂರ್ತಿ ಮಾಡಿಡಬೇಕು. ಅವಳು ಓಡಿದಳು ವೇಗವಾಗಿ ಏಕೆಂದರೆ, ಎಂದು ನೀವು ನಿಲ್ಲಿಸಿದರೆ, ಬೈಂಡರ್ ಹಾಡಲು ಶುರುಮಾಡಿದ, ಎಂದು ನಾನು. ಪ್ರೆಸ್ಸಿನವರು ಯಾರೂ ನನ್ನ ಉತ್ತರಗಳಿಂದ ತಪ್ಪಿಸಿಕೊಳ್ಳಲಿಲ್ಲ. ಬೆಳಿಗ್ಗೆ ಆ ಮರದ ಮೆಟ್ಟಿಲನ್ನು ನಾನು ಎರಡೆರಡಾಗಿ ಹತ್ತುತ್ತಿದ್ದದ್ದು ಇಂಗ್ಲಿಷಿನ ಮೇಲಿನ ಪ್ರೀತಿಗಲ್ಲ. ಇದನ್ನು ಆಗಲೇ ಹೇಳಬೇಕಿತ್ತು.

ಆ ಬುಧವಾರದ ಚೀಟಿಯಲ್ಲಿ ಒಂದೇ ವಾಕ್ಯವಿತ್ತು. 'ಐ ವಿಲ್ ಸ್ಟೇ ಹಿಯರ್ ಗ್ಲ್ಯಾಡ್ಲಿ ಇಫ್'. ನಾನು ಇಲ್ಲೇ ಉಳಿಯುತ್ತೇನೆ, ಸಂತೋಷದಿಂದ, ಒಂದು ವೇಳೆ... ಕ್ರಿಯಾಪದ ಇತ್ತು, ಕ್ರಿಯಾವಿಶೇಷಣ ಇತ್ತು, ಜೋಡಿಸುವ ಪದವೂ ಇತ್ತು. ಪಾಠದ ಪ್ರಕಾರ ಎಲ್ಲ ಸರಿ. ದೂರದ ಊರಿನ ಕಾಲೇಜಿನಿಂದ ನಿಮಗೆ ಕೆಲಸದ ಪತ್ರ ಬಂದದ್ದು ಯಜಮಾನರೊಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆಗ ಪ್ರೆಸ್ಸಿನ ಹಿತ್ತಲ ನಲ್ಲಿ ಮೂರು ತಿಂಗಳಿಂದ ಸೋರುತ್ತಿತ್ತು. ನೀವು ದಿನಾ ಗೊಣಗುತ್ತಿದ್ದಿರಿ. ನಾನು ಹಿಂದೆಮುಂದೆ ನೋಡದೆ 'ನಲ್ಲಿ ರಿಪೇರಿಯಾದರೆ' ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟೆ. ಬರೆದು, ನನ್ನ ಜಾಣತನಕ್ಕೆ ನಾನೇ ಮಧ್ಯಾಹ್ನವಿಡೀ ನಕ್ಕೆ.

ನೀವು ಬಂದಿರಿ, ಓದಿದಿರಿ, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿರಿ. ಆಮೇಲೆ ಪೆನ್ಸಿಲ್ ತೆಗೆದು ಸರಿ ಎಂದು ಗುರುತು ಹಾಕಿದಿರಿ. 'ಸರಿಯಾಗಿದೆ' ಎಂದಿರಿ. ಮುಂದಿನ ವಾರ ಹೊರಟೇಬಿಟ್ಟಿರಿ. ಪ್ರೆಸ್ಸಿನವರೆಲ್ಲ ಸೇರಿ ನಿಮಗೊಂದು ಪೆನ್ನು ಕೊಟ್ಟೆವು. 'ಹೋಗಿ ಬನ್ನಿ' ಎಂದೆ, ಎಲ್ಲರ ಹಾಗೆ ನಾನೂ.

ಚೀಟಿಯನ್ನು ಅಷ್ಟರಲ್ಲಿ ನಾನೇ ಎಂಟನೆಯ ಪಾಠದ ಅಭ್ಯಾಸದ ಪುಟಕ್ಕೆ ಅಂಟಿಸಿಯಾಗಿತ್ತು, ಹದಿನಾಲ್ಕನೆಯ ಪ್ರಶ್ನೆಯಾಗಿ. ಅದರ ಉತ್ತರ, ನಮ್ಮ ಕೈಪಿಡಿಯ ಕೊನೆಯ ಪುಟದಲ್ಲಿ. ಅಂದಿನಿಂದ ಎಷ್ಟು ಸಾವಿರ ಜನ ನಮ್ಮ ನಲ್ಲಿ ರಿಪೇರಿ ಮಾಡಿಸಿದ್ದಾರೋ ದೇವರಿಗೇ ಗೊತ್ತು.

ಹೋದ ವಾರ ಹಳೆಯ ಪ್ರೂಫುಗಳ ಕಟ್ಟು ಬಿಚ್ಚಿದೆ. ನಿಮ್ಮ ಚೀಟಿಗಳೆಲ್ಲ ಪೆನ್ಸಿಲಿನವು, ಪ್ರತಿ ವಾಕ್ಯಕ್ಕೂ ನಿಮ್ಮ ಕೈಯ ಸಂಖ್ಯೆ. ಆ ಬುಧವಾರದ ಇದೊಂದು ಮಾತ್ರ ಶಾಯಿಯದು. ಇದರ ಮೇಲಿನ ಹದಿನಾಲ್ಕು ಎಂಬ ಅಂಕಿ ನನ್ನ ಕೈಯದು. ನೀವು ಸಂಖ್ಯೆಯನ್ನೇ ಹಾಕಿರಲಿಲ್ಲ. ಊರಿನ ತಪ್ಪನ್ನೆಲ್ಲ ಹುಡುಕುವವಳು ನಾನು, ನನ್ನ ಕಣ್ಣಿಗೆ ಅಂದು ಮಣ್ಣು ಬಿದ್ದಿತ್ತು. ಅದನ್ನು ಹಿಡಿದುಕೊಂಡು ಯಜಮಾನರ ಮನೆಗೆ ಹೋದೆ. ಎಂಬತ್ತು ದಾಟಿದರೂ ನೆನಪು ಗಟ್ಟಿ. 'ಇದನ್ನ ಅಚ್ಚು ಹಾಕಿಬಿಟ್ಯಾ ತಾಯಿ?' ಎಂದು ಹಣೆ ಹಿಡಿದುಕೊಂಡರು. 'ಮೇಷ್ಟ್ರು ಹೊರಡೋ ಮುಂಚೆ ಹೇಳಿದ್ರು. ಇರಲಾ ಅಂತ ಪ್ರೂಫಮ್ಮನ್ನ ಕೇಳಿದೆ ಸಾರ್, ಬೇಡ ಅನ್ನೋದನ್ನ ತಮಾಷೆ ಮಾಡಿ ನಯವಾಗಿ ಹೇಳಿದ್ರು, ನನ್ನ ಮರ್ಯಾದೆ ಉಳಿಸಿದ್ರು ಅಂತ.'

ನಯ ಎನ್ನುವುದು ನನ್ನ ಹತ್ತಿರ ಸುಳಿದದ್ದನ್ನು ಕಂಡವರುಂಟೇ, ಮೇಷ್ಟ್ರೇ? ಬೇಡ ಅನ್ನುವುದಿದ್ದರೆ ನಾಲ್ಕು ಮನೆಗೆ ಕೇಳುವ ಹಾಗೆ ಬೇಡ ಎನ್ನುತ್ತಿದ್ದೆ. ಎದುರು ಬದುರು ಕೂತಿರುತ್ತಿದ್ದೆವಲ್ಲ, ಬಾಯಿಬಿಟ್ಟು ಕೇಳುವುದಕ್ಕೆ ನಿಮಗೇನಾಗಿತ್ತು? ಮನೆಗೆ ಬಂದು ಅತ್ತೆ. ಅತ್ತು ಮುಗಿದಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಮದುವೆಯಾಗಲಿಲ್ಲ. ಅದಕ್ಕೆ ನೀವೇ ಕಾರಣ ಎಂದು ಉಬ್ಬಿಹೋಗಬೇಡಿ; ಅಮ್ಮ ಹತ್ತು ವರ್ಷ ಹಾಸಿಗೆ ಹಿಡಿದಿದ್ದಳು, ಆಮೇಲೆ ಕೇಳುವವರೂ ಇರಲಿಲ್ಲ, ನನಗೂ ಹುಮ್ಮಸ್ಸಿರಲಿಲ್ಲ. ಆದರೆ ನಾಲ್ಕು ಗಂಟೆಗೆ ಯಾರಾದರೂ ಮೆಟ್ಟಿಲು ಹತ್ತಿದರೆ ಇವತ್ತಿಗೂ ನನ್ನ ಕೈಯ ಪೆನ್ನು ನಿಲ್ಲುತ್ತದೆ. ಬರುವವನು ಕೊರಿಯರಿನವನು ಎಂದು ಗೊತ್ತು, ಆದರೂ ನಿಲ್ಲುತ್ತದೆ.

ನಿಮಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆಂದು ಯಜಮಾನರು ಹೇಳಿ ಈ ವಿಳಾಸ ಕೊಟ್ಟರು. ಸಂತೋಷವಾಯಿತು. ಆಗಲು ಒಂದು ದಿನ ಹಿಡಿಯಿತು, ಆದರೆ ಆಯಿತು. ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ, ಮಾರುತ್ತರವನ್ನೂ. ನಾನು ನಿಮ್ಮನ್ನು ಬೇಡವೆಂದೆ ಎಂಬ ನಂಬಿಕೆಯಲ್ಲಿ ಇನ್ನೊಂದು ದಿನವೂ ಇರಬೇಡಿ, ಅಷ್ಟೆ. ನೀವು ಕೇಳಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದರೆ, ಹೋಗಬೇಡಿ ಎನ್ನುತ್ತಿದ್ದೆ.

ಹದಿನಾಲ್ಕನೆಯದನ್ನು ಈಗಷ್ಟೇ ಹೊಡೆದುಹಾಕಿದೆ, ಕೊನೆಯ ಪುಟದ ಉತ್ತರವನ್ನೂ. ಸೋಮವಾರ ಯಜಮಾನರ ಮಗಳು 'ಯಾಕೆ ಆಂಟಿ, ಅದರಲ್ಲೇನು ತಪ್ಪಿತ್ತು?' ಎಂದು ಕೇಳಿಯೇ ಕೇಳುತ್ತಾಳೆ. ತಪ್ಪೇನಿಲ್ಲ ಮಗಳೇ, ಅದು ಪುಸ್ತಕದ್ದಲ್ಲ, ನನ್ನದು ಎನ್ನುತ್ತೇನೆ.

ನಿಮ್ಮ ಹೆಣ್ಣುಮಕ್ಕಳು ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳುವವರಾಗಲಿ. ಅವರಿಗೆ ಉತ್ತರ ಕೊಡುವವರು ನನ್ನಷ್ಟು ಜಾಣರಾಗದಿರಲಿ. ನೀವು ಚೆನ್ನಾಗಿರಿ.

ಇಂತಿ,
ನಿಮ್ಮ ಪ್ರೂಫಮ್ಮ