ಮಡ್‌ಗಾರ್ಡಿನ ಮೂರು ಬಿಳಿ ಪಟ್ಟೆ

ಚಾಮರಾಜಪೇಟೆ
ಭಾನುವಾರ

ನಿವೃತ್ತ ಸುಬೇದಾರ್ ಅಶ್ವತ್ಥಪ್ಪನವರಿಗೆ ಶಿವರಂಜಿನಿಯ ನಮಸ್ಕಾರ.

ದಯವಿಟ್ಟು ಹುಡುಕುವುದನ್ನು ನಿಲ್ಲಿಸಿ ಸರ್. ನಮ್ಮ ಹಳೆಯ ಮಿಲಿಟರಿ ಲಾರಿಯ ಎರಡೂ ಮಡ್‌ಗಾರ್ಡಿನಲ್ಲಿರುವ ಮೂರು ಬಿಳಿ ಪಟ್ಟೆ ಯಾವ ತುಕಡಿಯ ಗುರುತೆಂದು, ಲಾರಿಯ ಸೇನಾ ಇತಿಹಾಸಕ್ಕೆ ಪ್ರಮಾಣಪತ್ರ ಬರೆದುಕೊಡಲು, ಮೂರು ತಿಂಗಳಿಂದ ದಾಖಲೆ ತಿರುವುತ್ತಿದ್ದೀರಿ. ಮನೆಯಲ್ಲೇ ಇರುವ ಅಜ್ಜಿಯನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿನ್ನೆ ನಿಮ್ಮ ಪತ್ರ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು.

"ಅದು ವಿಭೂತಿ ಕಣೇ! ಆಯುಧಪೂಜೇಲಿ ಹಚ್ಚಿದ್ದು ಮಳೇಲಿ ತೊಳ್ದೋಗುತ್ತೆ ಅಂತ ನಿಮ್ಮ ತಾತ ಪೇಂಟಲ್ಲೇ ಬಳಿಸ್ಬಿಟ್ರು."

ಹರಾಜಿನಲ್ಲಿ ಲಾರಿ ಕೊಂಡು ತರಗುಪೇಟೆಗೆ ಬೇಳೆ ಸಾಗಿಸುತ್ತಿದ್ದವರು ತಾತ. ಹಾಗಾದರೆ ಅಡಿಯಲ್ಲಿ ಏನಿದೆಯೋ ನೋಡೋಣವೆಂದು ಎಡಗಡೆಯ ಪಟ್ಟೆಯನ್ನೂ ಅದರಡಿಯ ಹಸಿರು ಬಣ್ಣವನ್ನೂ ಮೆಲ್ಲಗೆ ಉಜ್ಜಿ ತೆಗೆದೆ. ಅಡಿಯಲ್ಲಿ ಕೆಂಪು, ನೀಲಿಯ ಚೌಕ, ನಡುವೆ ಬಿಳಿಯ 43! ನೀವು ಹುಡುಕುತ್ತಿದ್ದ ತುಕಡಿಯ ಗುರುತು ಇದೇ ಇರಬೇಕು. ಒಂದು ಗೀರೂ ಬಿದ್ದಿಲ್ಲ ಸರ್. ತಾತನ ವಿಭೂತಿಯೇ ಅದನ್ನು ಕಾಪಾಡಿದೆ.

ಬುಧವಾರ ಬಂದು ನೋಡಿ. ಭೂತಗನ್ನಡಿ ತನ್ನಿ, ಊಟ ನಮ್ಮಲ್ಲೇ. ಬಲಗಡೆಯದನ್ನು ಮುಟ್ಟಲು ಮಾತ್ರ ಅಜ್ಜಿ ಬಿಡುತ್ತಿಲ್ಲ. "ಮಿಲಿಟ್ರೀಲಿ ಇದ್ದಿದ್ದು ಹತ್ತು ವರ್ಷ, ನಮ್ಮನೇಲಿ ನಲವತ್ತು. ಎರಡನ್ನೂ ಬರೀಬೇಕು ಅಂತ ಹೇಳು ಅವ್ರಿಗೆ" ಎನ್ನುತ್ತಾರೆ.

ನಿಮ್ಮ ಪ್ರಮಾಣಪತ್ರದಲ್ಲಿ ನಮ್ಮ ಮನೆಗೂ ಒಂದು ಸಾಲು ಜಾಗ ಸಿಗುತ್ತದೆಯೇ ಸರ್?

ಕೈತುಂಬ ಹಸಿರು ಬಣ್ಣ ಮೆತ್ತಿಕೊಂಡಿರುವ,
ಶಿವರಂಜಿನಿ