ಏಳು ಗಂಟೆಯ ಮೀನು ಬೇಟೆ

ತಕಾವೊಕಾ
ಮಾರ್ಚ್ 12, ಗುರುವಾರ

ಪ್ರಿಯ ಯಸುಹಿರೊ ಅವರಿಗೆ,

ನಿಮ್ಮ ಕೆಮ್ಮು ಹೇಗಿದೆ? ನೀವಿರುವ ಕುಮಾಮೊಟೊದಲ್ಲಿ ಚೆರಿ ಮೊಗ್ಗು ಬಿಟ್ಟಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಹವೆ ಬದಲಾಗುವಾಗ ನಿಮ್ಮ ಗಂಟಲು ಮೊದಲು ಕೆಡುತ್ತದೆ, ರಾತ್ರಿ ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಿ. ಕಂಪನಿ ಕ್ಯಾಂಟೀನಿನ ಊಟವನ್ನೇ ನೆಚ್ಚಿಕೊಂಡಿರಬೇಡಿ. ಹೋದ ತಿಂಗಳು ಕಳಿಸಿದ ಒಣಮೀನು ಮುಗಿದಿದ್ದರೆ ತಿಳಿಸಿ. ನಾವಿಬ್ಬರೂ ಹೆಚ್ಚು ಕಡಿಮೆ ಚೆನ್ನಾಗಿದ್ದೇವೆ.

ಹೆಚ್ಚು ಕಡಿಮೆ ಎಂದಿದ್ದಕ್ಕೆ ಕಾರಣವಿದೆ. ನಿನ್ನೆ ಅತ್ತೆಯ ಬಲ ಮಣಿಕಟ್ಟಿಗೆ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿದ್ದಾರೆ. ಹೆಬ್ಬೆರಳಿನ ಬುಡ ಊದಿಕೊಂಡಿದೆ, ಎರಡು ವಾರ ಗುಂಡಿ ಒತ್ತುವ ಕೆಲಸ ಕೂಡದು ಎಂಬುದು ವೈದ್ಯರ ಮಾತು. ಇದನ್ನು ನನಗೆ ತಿಳಿಸಿದವರು ಅತ್ತೆಯಲ್ಲ, ಪಕ್ಕದ ಮನೆಯ ಕತಗಿರಿ ಅವರು. ಮೊಣಕಾಲು ತೋರಿಸಲು ಅವರೂ ಅಲ್ಲಿಗೆ ಹೋಗಿದ್ದರಂತೆ. ಅತ್ತೆಯನ್ನು ಕೇಳಿದರೆ ಹಿಮ ಗೋರುವಾಗ ಉಳುಕಿತು ಎಂದರು. ಈ ವರ್ಷದ ಕೊನೆಯ ಹಿಮ ಬಿದ್ದು ಮೂರು ವಾರವಾಗಿದೆ, ಅದನ್ನು ಗೋರಿದವಳು ನಾನು. ನೋವಿನ ಮೂಲ ಯಾವುದೆಂದು ನಿಮಗೂ ಗೊತ್ತಾಗಿರಬೇಕು.

ವರ್ಗಾವಣೆಯಾಗಿ ನೀವು ಊರು ಬಿಡುವ ವಾರ ಆ ವಿಡಿಯೊ ಗೇಮ್ ಯಂತ್ರ ತಂದಾಗ ಹೇಳಿದ್ದು ನೆನಪಿದೆಯೇ? ಊರಿಗೆಲ್ಲ ಅದು ಬೇಕಾಗಿತ್ತು, ಅಂಗಡಿಯವರು ಚೀಟಿ ಎತ್ತಿ ಕೊಡುತ್ತಿದ್ದರು, ನಿಮಗೆ ಮೂರನೆಯ ಸಲಕ್ಕೆ ಸಿಕ್ಕಿತು. ಮರುಮಾರಾಟ ಮಾಡಬಾರದೆಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ನಿಮ್ಮ ಹೆಸರು ಬರೆದುಕೊಟ್ಟಿದ್ದರು. ಟಿವಿಗೆ ಜೋಡಿಸುತ್ತಾ ನೀವು, "ಒಂದು ತಿಂಗಳು ಆಡ್ತೀರಿ, ಆಮೇಲೆ ಧೂಳು ಹಿಡಿಯುತ್ತೆ. ಆ ಒಂದು ತಿಂಗಳಾದ್ರೂ ಬೇಜಾರು ಕಳೀತಲ್ಲ" ಎಂದಿರಿ. ಈ ಏಪ್ರಿಲ್‌ಗೆ ಮೂರು ವರ್ಷ ತುಂಬುತ್ತದೆ. ಧೂಳು ಹಿಡಿದಿಲ್ಲ. ನಾನೇ ದಿನಾ ಒರೆಸುತ್ತೇನೆ.

ಅದರಲ್ಲಿರುವ ಮೀನು ಹಿಡಿಯುವ ಆಟವನ್ನು ಒಬ್ಬರೇ ಆಡಲಾಗುವುದಿಲ್ಲ. ಒಬ್ಬರು ದೋಣಿ ನಡೆಸಬೇಕು, ಇನ್ನೊಬ್ಬರು ಗಾಳ ಹಾಕಬೇಕು. ಒಬ್ಬರು ಎದ್ದುಹೋದರೆ ದೋಣಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅತ್ತೆ ದೋಣಿ ನಡೆಸುತ್ತಾರೆ, ಗಾಳ ನನ್ನದು. ಸಂಜೆ ಏಳಕ್ಕೆ ಕೂರಬೇಕೆಂದು ಊಟದ ಹೊತ್ತು ಆರಕ್ಕೇ ಬಂದಿದೆ. ನಾನು ಗುರುವಾರದ ಹಾಡಿನ ತಂಡವನ್ನು ಬಿಟ್ಟು ಎರಡು ವರ್ಷವಾಯಿತು. ಎಷ್ಟು ದೂರ ಹೋದರೂ ಆಟದ ಕೊಲ್ಲಿಗೆ ಆಚೆ ದಡವೆಂಬುದಿಲ್ಲ, ದೋಣಿ ಮತ್ತೆ ಅದೇ ಪೈನ್ ಮರದ ದ್ವೀಪದ ಬುಡಕ್ಕೆ ಬಂದು ಸೇರುತ್ತದೆ. ಅತ್ತೆ ಕಡಲತೀರದ ಹಿಮಿ ಊರಿನ ಬೆಸ್ತರ ಮನೆಯ ಮಗಳಲ್ಲವೇ, ದೊಡ್ಡ ಮೀನು ಬಿದ್ದಾಗಲೆಲ್ಲ, "ಹಿಡಿದಿದ್ದೇನೋ ಸರಿ ಕಣಮ್ಮ, ವಾಸನೇನೇ ಇಲ್ಲವಲ್ಲ ಇದಕ್ಕೆ" ಎನ್ನುತ್ತಾರೆ. ನಾನು ನಗುತ್ತೇನೆ. ಮೂರು ವರ್ಷದಿಂದ ಅದೇ ಮಾತಿಗೆ ನಗುತ್ತಿದ್ದೇನೆ.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಆ ಆಟ ನನಗೆ ಮೊದಲ ದಿನದಿಂದಲೂ ಹಿಡಿಸಿಲ್ಲ. ಪರದೆಯ ನೀರು ನೋಡಿದರೆ ತಲೆ ಸುತ್ತುತ್ತದೆ. ನೀವು ಹೋದ ಮೇಲಿನ ಮೊದಲ ಭಾನುವಾರ ಫೋನಿನಲ್ಲಿ, "ಅಮ್ಮನಿಗೆ ಅದು ಬಹಳ ಹಿಡಿಸಿದೆ, ನೀನು ಜೊತೆಗಿರು" ಎಂದಿರಿ. ಎಪ್ಪತ್ತಾರು ವರ್ಷದವರು ಒಂದನ್ನು ಇಷ್ಟಪಟ್ಟಿದ್ದಾರೆ, ಸೊಸೆಯಾಗಿ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಕೂತೆ. ಕೂತವಳಿಗೆ ಏಳುವ ದಿನ ಬರಲಿಲ್ಲ.

ನಿನ್ನೆ ಕೈಗೆ ಪಟ್ಟಿ ಬಿತ್ತೆಂದು ಕೇಳಿದಾಗ ಮೊದಲು ನನಗಾದದ್ದು ಸಮಾಧಾನ. ಎರಡು ವಾರ ಬಿಡುಗಡೆ ಎಂದುಕೊಂಡೆ, ಆಮೇಲೆ ನಾಚಿಕೆಯಾಯಿತು. ಏಳಕ್ಕೆ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದರೆ, ಅತ್ತೆ ಆಗಲೇ ಟಿವಿ ಮುಂದೆ ಕೂತು ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಎಡಗೈ ಬೆರಳಿನಿಂದ ಗುಂಡಿ ಹುಡುಕುತ್ತಿದ್ದರು. "ಬಾಮ್ಮ ಚಿಸಾತೊ, ಹೊತ್ತಾಯ್ತು" ಎಂದರು. ವೈದ್ಯರು ಬೇಡ ಅಂದಿದ್ದಾರಲ್ಲ ಅತ್ತೆ ಎಂದೆ. "ಬಲಗೈಗೆ ಅಂದಿದ್ದು" ಎಂದರು. ದೋಣಿ ಬಂಡೆಗೆ ಆರು ಸಲ ಬಡಿಯಿತು, ಒಂದು ಮೀನೂ ಸಿಗಲಿಲ್ಲ. ಎಂಟೂವರೆವರೆಗೆ ಆಡಿದೆವು.

ಆದ್ದರಿಂದ ನಿಮ್ಮ ಅಂದಾಜು ತಪ್ಪಿತು. ಈ ಯಂತ್ರದ ಆಕರ್ಷಣೆ ತೀರುವಂಥದ್ದಲ್ಲ, ಕೈ ಹೋದರೂ ಅದು ಹೋಗುವುದಿಲ್ಲ. ನೀವು ಕಳಿಸಿದ, ಕಂಪನಿಯ ಕುಟುಂಬ ವಸತಿಯ ಅರ್ಜಿ ತಲುಪಿದೆ. ನಿಮ್ಮ ವರ್ಗಾವಣೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಿದ್ದಾರೆಂದು ಓದಿದೆ. ನಿಮ್ಮ ಬಳಿ ಬಂದು ಇರಬೇಕೆಂಬ ಆಸೆ ನನಗಿಲ್ಲವೆಂದು ತಿಳಿಯಬೇಡಿ. ಹಿಂದೆ ಎರಡು ಸಲ ಬೇಡವೆಂದು ಬರೆದಾಗಲೂ ಇತ್ತು. ಆದರೆ ನಾನು ಹೊರಟುಬಂದರೆ ಅತ್ತೆ ಸಂಜೆ ಯಾರ ಜೊತೆ ಕೂರುತ್ತಾರೆ? ಪಟ್ಟಿ ಕಟ್ಟಿದ ಕೈಯಲ್ಲೂ ಬಿಡದವರಿಂದ ಅದನ್ನು ಕಿತ್ತುಕೊಳ್ಳುವುದು ನನ್ನಿಂದಾಗದು. ಅರ್ಜಿಯಲ್ಲಿ "ಸದ್ಯಕ್ಕೆ ಬೇಡ" ಎಂಬ ಜಾಗಕ್ಕೇ ಗುರುತು ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಅತ್ತೆ ನಿಮ್ಮನ್ನು ವಿಚಾರಿಸಿದ್ದಾರೆ, ಸಿಗರೇಟು ಕಡಿಮೆ ಮಾಡಲು ಹೇಳಿದ್ದಾರೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಚಿಸಾತೊ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಒಡೆದು ಬರೆಯುತ್ತಿದ್ದೇನೆ. ಕತಗಿರಿ ಅವರು ಬೀದಿಯ ಸುತ್ತೋಲೆ ಕೊಡಲು ಬಂದಿದ್ದರು. ಅತ್ತೆ ಔಷಧಿ ಅಂಗಡಿಗೆ ಹೋಗಿದ್ದರಿಂದ, ನಿನ್ನೆ ಹೇಳದೆ ನುಂಗಿಕೊಂಡದ್ದನ್ನು ಇಂದು ಹೇಳಿದರು. ಇಷ್ಟು ನೋವಿದ್ದರೆ ಆ ಆಟ ಬಿಡಬಾರದೇ ಎಂದು ಇವರು ಕೇಳಿದ್ದಕ್ಕೆ ಅತ್ತೆ ಕ್ಲಿನಿಕ್ಕಿನಲ್ಲಿ ಹೇಳಿದ್ದು ಇದು: "ಹೇಗೆ ಬಿಡ್ಲಿ ಕತಗಿರಿಯವರೇ? ಚಿಸಾತೊ ಗಂಡ ದೂರ ಇದಾನೆ, ಅವಳಿಗಿರೋ ಸಂತೋಷ ಅದೊಂದೇ. ನನಗೇನು, ಕಣ್ಣು ಉರಿಯುತ್ತೆ ಅಷ್ಟೆ." ಆ ಮೊದಲ ಭಾನುವಾರ ನೀವು ಅತ್ತೆಗೂ, ಚಿಸಾತೊಗೆ ಬಹಳ ಹಿಡಿಸಿದೆ, ಜೊತೆಗಿರು ಎಂದಿರಂತೆ. ಎರಡು ಸುದ್ದಿಗೂ ಮೂಲ ನೀವೊಬ್ಬರೇ. ನಾವಿಬ್ಬರೂ ವಿಚಾರಿಸಿ ನೋಡಲಿಲ್ಲ.

ಇನ್ನೂ ಇದೆ. ಹಿಮಿಯ ನಿಮ್ಮ ಚಿಕ್ಕಮ್ಮ ತೊಮಿಯೆ, ಒಬ್ಬಳೇ ಇದೀನಿ, ಬಂದು ಇರು ಎಂದು ಎರಡು ವರ್ಷದಿಂದ ಅತ್ತೆಯನ್ನು ಕರೆಯುತ್ತಿದ್ದಾರಂತೆ. ಅತ್ತೆಗೆ ಸಮುದ್ರದ ಪಕ್ಕ ಹೋಗಿರಲು ಮನಸ್ಸಿದೆಯಂತೆ. ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು ಹೋಗಿಲ್ಲ.

ಹಾಕಿದ ಗುರುತನ್ನು ಹೊಡೆದುಹಾಕಿ "ಬರುತ್ತೇನೆ" ಎಂಬ ಜಾಗದಲ್ಲಿ ನನ್ನ ಹೆಸರಿನ ಮೊಹರು ಒತ್ತಿದ್ದೇನೆ. ನಿಮ್ಮದನ್ನೂ ಒತ್ತಿ ಇಪ್ಪತ್ತನೇ ತಾರೀಖಿನೊಳಗೆ ಕಂಪನಿಗೆ ಕೊಡಿ. ಅತ್ತೆಯ ಮುಂದೆ ಬಾಯಿ ಬಿಡಲು ನನಗೆ ಧೈರ್ಯವಿಲ್ಲ. ಸಾವಿರ ಸಂಜೆ ಸುಮ್ಮನೆ ಕೂತೆವು ಎಂದು ಅವರ ಮುಖ ನೋಡಿ ಹೇಗೆ ಹೇಳಲಿ? ಚಿಕ್ಕಮ್ಮನಿಗೆ ಈಗಷ್ಟೇ ಫೋನ್ ಮಾಡಿದ್ದೇನೆ, ನಾವು ಅಲ್ಲಿಗೆ ಹೋದಾಗ ಅವರೇ ಅತ್ತೆಗೆ ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಒಂಬತ್ತರ ರೈಲಿಗೆ ನಾನೂ ಅತ್ತೆಯೂ ಹಿಮಿಗೆ ಹೋಗುತ್ತೇವೆ. ಇಂದು, ನಾಳೆ, ನಾಡಿದ್ದು ಏಳಕ್ಕೆ ಆಟವಿದೆ.