ಹಗುರವಾದ ಮುಚ್ಚಳ

ಅಪ್ಪ,

ನೀವು ತೀರಿಹೋಗುವ ಮೊದಲು ಅಚ್ಚು ತಿದ್ದಿದ್ದ ಪಂಪ್‌ಸೆಟ್ ಎಂಜಿನ್ನಿನ ಮುಚ್ಚಳ ಇವತ್ತು ಎರಕವಾಗಿ ನಮ್ಮ ಹೊನ್ನಾಳಿ ಅಂಗಡಿಗೆ ಬಂತು. ದಪ್ಪ ಇಳಿಸಿ, ಒಳಗೆ ಬಲಕ್ಕೆ ಅಡ್ಡಪಟ್ಟಿ ಕೊಟ್ಟಿದ್ದರಿಂದ ಕಬ್ಬಿಣ ಉಳಿದಿದೆ, ಕೆಲಸವೂ ಸಲೀಸಾಗಿದೆ. ಸವಳಂಗದ ಗಿರಾಕಿಯೊಬ್ಬರು ಅದನ್ನು ಅಂಗೈಯಲ್ಲಿ ತೂಗಿ ನಕ್ಕರು.

"ಏನ್ರೀ ಖಾಜಾಸಾಬ್, ಹಪ್ಪಳ ಮಾರಾಕೆ ಶುರು ಮಾಡಿದ್ರಾ? ಡೂಪ್ಲಿಕೇಟ್ ಐತೆ ಇದು."

ನಿಮ್ಮ ಪಾಲುದಾರ ಖಾಜಾಸಾಬ್ ನನ್ನತ್ತ ತಿರುಗಿದರು. "ಕನ್ನಡ ಎಂ.ಎ. ಓದಿದೀಯಲ್ಲ, ನೀನೇ ತಿಳಿಸಿ ಹೇಳಪ್ಪ."

ಹಗುರವಾದರೂ ಹಳೆಯದಕ್ಕಿಂತ ಗಟ್ಟಿ ಎಂದಷ್ಟೇ ಹೇಳಬೇಕಿತ್ತು. ನೀವೇ ಎಷ್ಟು ಸಲ ಹೇಳಿಕೊಟ್ಟಿದ್ದಿರಿ. ನಾನು ಮುಚ್ಚಳವನ್ನು ತಿರುಗಿಸಿ ನೋಡುತ್ತ ನಿಂತೆ. ಆ ಗಿರಾಕಿ ಹಳೆಯ ಭಾರದ ಮುಚ್ಚಳವನ್ನೇ ಕೊಂಡರು.

ಸಿಟ್ಟು ಇಳಿಯುತ್ತಿಲ್ಲ ಅಪ್ಪ. ಯಾರ ಮೇಲೆ ಎಂದು ಕೇಳಬೇಡಿ.

ಇನ್ನು ಮೇಲೆ ಹಳೆಯ ಅಚ್ಚಿನಲ್ಲೇ ಎರಕ ಹೊಯ್ಯಿರಿ ಎಂದು ಖಾಜಾಸಾಬ್ ಎರಕದವರಿಗೆ ಹೇಳಿಕಳಿಸಿದರು. ಆಗಲೂ ನಾನು ಪಕ್ಕದಲ್ಲೇ ನಿಂತಿದ್ದೆ.